ಎಲ್‌ಪಿಗೂ ಸಿಡಿಗೂ ಒಬ್ಬನೇ ತಾತ

ಎಲ್‌ಪಿ ರೆಕಾರ್ಡ್ ಚೆನ್ನಾಗಿ ಕೇಳುತ್ತಾ, ಸಿಡಿ ಚೆನ್ನಾಗಿ ಕೇಳುತ್ತಾ? ಈ ಪ್ರಶ್ನೆ ಎತ್ತಿದರೆ ಸಾಕು, ಮೆಸ್ಸಿನಲ್ಲಿ ಒಂದು ಟೇಬಲ್ಲು ಎರಡಾಗುತ್ತೆ. ಒಂದು ಕಡೆಯವರು ತಟ್ಟೆಯ ದನಿ ದುಂಡಗೆ ತುಂಬಿಕೊಂಡ ಹಾಗಿರುತ್ತೆ, ಸಿಡಿ ಒಣಒಣ ಅನ್ನುತ್ತಾರೆ. ಇನ್ನೊಂದು ಕಡೆ ಇಸಿ ಬ್ರಾಂಚಿನವರು ಸ್ಯಾಂಪ್ಲಿಂಗ್ ಥಿಯರಂ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ತಮಾಷೆ ಏನಂದ್ರೆ, ಜಗಳ ಆಡೋ ನಮ್ಮಲ್ಲಿ ಹೆಚ್ಚಿನವರು ಹಾಡು ಕೇಳೋದು ಫೋನಿನಲ್ಲಿ, ಅದೂ ಬ್ಲೂಟೂತ್ ಇಯರ್‌ಬಡ್‌ನಲ್ಲಿ.

ಜಗಳ ಇರಲಿ. ಈ ಸಲ ನಾವು ಒಬ್ಬ ಮನುಷ್ಯನ ಕಥೆ ಹೇಳ್ತೀವಿ. ಧ್ವನಿಮುದ್ರಣ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಎಡಿಸನ್ ಹೆಸರು. ಆದರೆ ಎಲ್‌ಪಿ ಎಡಿಸನ್‌ನ ವಂಶದ್ದಲ್ಲ, ಸಿಡಿಯೂ ಅಲ್ಲ. ಎರಡೂ ಎಮಿಲ್ ಬರ್ಲಿನರ್ ಎಂಬುವನ ಮೊಮ್ಮಕ್ಕಳು. ಚಪ್ಪಟೆ ತಟ್ಟೆ, ಅದಕ್ಕೊಂದು ಲೋಹದ ಅಚ್ಚು, ಆ ಅಚ್ಚಿನಿಂದ ಸಾವಿರಾರು ಪ್ರತಿ — ಈ ಮೂರೂ ಸೇರಿದ ವ್ಯವಸ್ಥೆ ಅವನದು. ಇನ್ನೂ ಒಂದು ವಿಷಯ ನಮಗೆ ಬಹಳ ಹಿಡಿಸಿತು. ಅವನು ಶುರು ಮಾಡಿದಾಗ ಅವನ ತಟ್ಟೆಯ ದನಿ ಆಗಿನ ಪೈಪೋಟಿಗಾರರಿಗಿಂತ ಕೆಟ್ಟದಾಗಿತ್ತು. ಆದರೂ ಗೆದ್ದ. ಹೇಗೆ ಅನ್ನೋದು ಇಂಜಿನಿಯರಿಂಗ್ ಓದುವ ನಾವು ತಿಳಿದುಕೊಳ್ಳಬೇಕಾದ ವಿಷಯ.

ಬರ್ಲಿನರ್ ಹುಟ್ಟಿದ್ದು 1851ರ ಮೇ 20ರಂದು, ಜರ್ಮನಿಯ ಹ್ಯಾನೋವರ್ ಊರಿನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಮನೆ ತುಂಬ ಮಕ್ಕಳು, ದುಡ್ಡು ಅಷ್ಟಕ್ಕಷ್ಟೆ. ಹದಿನಾಲ್ಕಕ್ಕೇ ಶಾಲೆ ಮುಗಿಯಿತು. ಅಲ್ಲಿಂದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಕಲಿಯಲು ಸೇರಿದ, ಆಮೇಲೆ ಬಟ್ಟೆಯಂಗಡಿಯಲ್ಲಿ ಗುಮಾಸ್ತನಾದ. ಪ್ರೆಸ್ಸಿನ ಕೆಲಸವನ್ನು ನೆನಪಿನಲ್ಲಿಡಿ. ಒಂದು ಅಚ್ಚು ಮಾಡಿಕೊಂಡರೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು ಅನ್ನೋ ಬುದ್ಧಿ ಅವನಿಗೆ ಅಲ್ಲೇ ಹತ್ತಿತೋ ಏನೋ ಅಂತ ನಮ್ಮ ಗುಮಾನಿ.

1870ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಹಡಗು ಹತ್ತಿ ಅಮೆರಿಕಕ್ಕೆ ಹೋದ. ವಾಷಿಂಗ್ಟನ್‌ನಲ್ಲಿ ಪರಿಚಯದವರದೊಂದು ಬಟ್ಟೆಯಂಗಡಿ ಇತ್ತು, ಅಲ್ಲಿ ಮೂರು ವರ್ಷ ಗಲ್ಲೆ, ಕೌಂಟರು, ಲೆಕ್ಕ. ಆಮೇಲೆ ನ್ಯೂಯಾರ್ಕ್. ಹಗಲು ಸಿಕ್ಕ ಕೆಲಸ, ರಾತ್ರಿ ಕೂಪರ್ ಯೂನಿಯನ್ ಸಂಸ್ಥೆಯಲ್ಲಿ ಓದು. ಸಿಕ್ಕ ಕೆಲಸಗಳಲ್ಲೊಂದು ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯೋದು. ಆ ಪ್ರಯೋಗಾಲಯ ಕಾನ್‌ಸ್ಟಂಟಿನ್ ಫಾಲ್‌ಬರ್ಗ್‌ನದು. ಮುಂದೆ ಸ್ಯಾಕರಿನ್ ಕಂಡುಹಿಡಿದ ಅದೇ ಫಾಲ್‌ಬರ್ಗ್. ಇಂಜಿನಿಯರಿಂಗ್ ಡಿಗ್ರಿ ಬರ್ಲಿನರ್‌ಗೆ ಕೊನೆವರೆಗೂ ಇರಲಿಲ್ಲ. (ಇದನ್ನು ಓದಿ ಯಾರೂ ಇಂಟರ್ನಲ್ಸ್ ಬಿಡಬೇಡಿ. ಅವನ ಕಾಲದಲ್ಲಿ ಪ್ಲೇಸ್‌ಮೆಂಟ್ ಸೆಲ್ ಇರಲಿಲ್ಲ.)

1876ರಲ್ಲಿ ವಾಷಿಂಗ್ಟನ್‌ಗೆ ವಾಪಸು ಬಂದ. ಅದೇ ವರ್ಷ ಗ್ರಹಾಂ ಬೆಲ್‌ನ ಟೆಲಿಫೋನು ಸುದ್ದಿಯಾಗಿತ್ತು. ಬೆಲ್‌ನ ಯಂತ್ರದಲ್ಲಿ ಕೇಳಿಸಿಕೊಳ್ಳುವ ಭಾಗ ಪರವಾಗಿಲ್ಲ ಅನ್ನುವಂತಿತ್ತು, ಮಾತಾಡುವ ಭಾಗ ದುರ್ಬಲ. ದನಿ ದೂರ ಹೋಗುತ್ತಿರಲಿಲ್ಲ. ಅಂಗಡಿ ಗುಮಾಸ್ತ ಬರ್ಲಿನರ್ ತನ್ನ ಬಾಡಿಗೆ ಕೋಣೆಯಲ್ಲೇ ಕೂತು ಅದರ ಹಿಂದೆ ಬಿದ್ದ. ಅವನಿಗೆ ಹೊಳಹು ಸಿಕ್ಕಿದ್ದು ಅಗ್ನಿಶಾಮಕ ಠಾಣೆಯ ತಂತಿ ಆಪರೇಟರ್ ಒಬ್ಬನಿಂದ. ಟೆಲಿಗ್ರಾಫ್ ಕೀಲಿಯನ್ನು ಮೆಲ್ಲಗೆ ಒತ್ತುತ್ತಿದ್ದ ಬರ್ಲಿನರ್‌ಗೆ ಆ ಗೆಳೆಯ ಗಟ್ಟಿಯಾಗಿ ಒತ್ತಲು ಹೇಳಿಕೊಟ್ಟ. ಒತ್ತಡ ಹೆಚ್ಚಿದಷ್ಟೂ ಕರೆಂಟು ಹೆಚ್ಚು ಹರಿಯುತ್ತೆ ಅಂತ ಕಾರಣವನ್ನೂ ವಿವರಿಸಿದ. ಬರ್ಲಿನರ್ ಅಷ್ಟಕ್ಕೇ ಎದ್ದು ಮನೆಗೆ ಓಡಿದ. ದನಿಯ ಒತ್ತಡದಿಂದ ಎರಡು ಲೋಹದ ತುದಿಗಳ ನಡುವಿನ ಸಡಿಲ ಸಂಪರ್ಕ ಬಿಗಿಯಾಗಿ, ಸಡಿಲವಾಗಿ ಆಡಿದರೆ ಕರೆಂಟೂ ಹಾಗೇ ಏರಿಳಿಯಬೇಕಲ್ಲ! ಮರದ ಸೋಪಿನ ಪೆಟ್ಟಿಗೆಯೊಂದನ್ನು ಹಿಡಿದು ಮೈಕ್ರೋಫೋನು ಕಟ್ಟಿದ. 1877ರ ಏಪ್ರಿಲ್ 14ರಂದು ಪೇಟೆಂಟ್ ಕಚೇರಿಗೆ ಮುನ್ಸೂಚನೆ ಸಲ್ಲಿಸಿದ. ಎಡಿಸನ್ ತನ್ನ ಮೈಕ್ರೋಫೋನಿಗೆ ಅರ್ಜಿ ಹಾಕಿದ್ದು ಅದೇ ತಿಂಗಳ 27ಕ್ಕೆ. ಹದಿಮೂರು ದಿನದ ಅಂತರ. ಅದರ ಮೇಲೆ ನಡೆದ ಕೋರ್ಟು ಕಚೇರಿಗಳ ವ್ಯವಹಾರ ಇಪ್ಪತ್ತು ವರ್ಷಕ್ಕೂ ಮೀರಿ ಎಳೆಯಿತು, ಅದನ್ನೆಲ್ಲ ಇಲ್ಲಿ ಹರಡೋದು ಬೇಡ. ಬೆಲ್ ಕಂಪನಿ ಅವನ ಹಕ್ಕನ್ನು ಕೊಂಡಿತು, ಕೆಲಸವನ್ನೂ ಕೊಟ್ಟಿತು. ಕೈಯಲ್ಲಿ ಒಂದಿಷ್ಟು ಕಾಸಾಯಿತು. ಮದುವೆಯಾದ, ಅಮೆರಿಕದ ಪ್ರಜೆಯಾದ, ಹ್ಯಾನೋವರ್‌ನಲ್ಲಿ ತಮ್ಮ ಯೋಸೆಫ್ ಜೊತೆ ಸೇರಿ ಟೆಲಿಫೋನು ಕಾರ್ಖಾನೆ ತೆರೆದ. ಎಂಬತ್ತರ ದಶಕದ ಮಧ್ಯೆ ಕೆಲಸ ಬಿಟ್ಟು ವಾಷಿಂಗ್ಟನ್‌ನಲ್ಲಿ ಸ್ವಂತ ಪ್ರಯೋಗಾಲಯ ಇಟ್ಟುಕೊಂಡ.

ಈಗ ಅಸಲಿ ಕಥೆಗೆ ಬರೋಣ. ಎಡಿಸನ್ 1877ರ ಕೊನೆಯಲ್ಲೇ ಫೋನೋಗ್ರಾಫ್ ಮಾಡಿ ತೋರಿಸಿದ್ದ: ತಿರುಗುವ ಉರುಳೆ, ಅದರ ಸುತ್ತ ತಗಡಿನ ಹಾಳೆ, ದನಿಗೆ ತಕ್ಕಂತೆ ಮೇಲೆ ಕೆಳಗೆ ಕುಣಿಯುವ ಸೂಜಿ. ಆಮೇಲೆ ಬೆಲ್‌ನ ಬಳಗದವರು ತಗಡು ಬಿಟ್ಟು ಮೇಣದ ಉರುಳೆ ತಂದರು. ದನಿ ಬಹಳ ಸುಧಾರಿಸಿತು. ಆದರೆ ಮೇಣ ಕೊರೆಯುವ ವಿಧಾನಕ್ಕೆ ಪೇಟೆಂಟ್ ಬೇಲಿ ಬಿತ್ತು. ಬರ್ಲಿನರ್ ಆ ಬೇಲಿ ಹಾರಲಾರ, ಬಳಸಿಕೊಂಡು ಹೋಗಬೇಕು.

ಅವನು ಹಿಂದಕ್ಕೆ ನೋಡಿದ. ಎಡಿಸನ್‌ಗಿಂತ ಇಪ್ಪತ್ತು ವರ್ಷ ಮೊದಲೇ, 1857ರಲ್ಲಿ, ಪ್ಯಾರಿಸ್‌ನ ಲಿಯೋನ್ ಸ್ಕಾಟ್ ದನಿಯ ಗೆರೆಯನ್ನು ದೀಪದ ಮಸಿಯ ಮೇಲೆ ಬರೆಸುವ ಯಂತ್ರ ಮಾಡಿದ್ದ. ಅದು ಬರೆಯುತ್ತಿತ್ತೇ ಹೊರತು ಮತ್ತೆ ಹಾಡುತ್ತಿರಲಿಲ್ಲ. ಅದರ ಸೂಜಿ ಮೇಲೆ ಕೆಳಗೆ ಆಡದೆ ಅಡ್ಡಡ್ಡ ಓಲಾಡುತ್ತಿತ್ತು. ಬರ್ಲಿನರ್ ಈ ಅಡ್ಡ ಓಲಾಟವನ್ನು ಹಿಡಿದುಕೊಂಡ. ಶುರುವಿನಲ್ಲಿ ಅವನದ್ದೂ ಉರುಳೆಯೇ. ಬೇಗನೆ ಮಸಿ ಬಳಿದ ಚಪ್ಪಟೆ ಗಾಜಿಗೆ ಬಂದ. ಗಾಜಿನ ಮೇಲೆ ಗೆರೆ ಬರೆಸಿ, ಆ ಗಾಜನ್ನೇ ಫೋಟೋ ನೆಗೆಟಿವ್ ಥರ ಬಳಸಿ, ಬೆಳಕಿನಿಂದ ಲೋಹದ ಮೇಲೆ ಅದೇ ಗೆರೆಯನ್ನು ಮೂಡಿಸಿ ಕೊರೆಯೋದು ಅವನ ಮೊದಲ ಉಪಾಯ. 1887ರ ನವೆಂಬರ್ 8ರಂದು ಪೇಟೆಂಟ್ ಸಿಕ್ಕಿತು. ಯಂತ್ರದ ಹೆಸರು ಗ್ರಾಮಫೋನ್.

ಮಸಿ ಬಳಿದ ಗಾಜು, ಮೇಲೆ ಬೆಳಕು. ಇದನ್ನು ಓದುವಾಗ ನಾವು ಒಂದು ನಿಮಿಷ ನಿಂತೆವು. ಇವತ್ತಿಗೂ ಸಿಡಿಯ ಮೂಲಪ್ರತಿ ತಯಾರಾಗೋದು ಗಾಜಿನ ತಟ್ಟೆಯ ಮೇಲೆ. ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ಲೇಸರ್‌ನಿಂದ ಬರೆದು, ತೊಳೆದು, ಅದಕ್ಕೆ ನಿಕ್ಕಲ್ ಕೂರಿಸಿ ಅಚ್ಚು ಎಬ್ಬಿಸುತ್ತಾರೆ. 1887ರ ಉಪಾಯ ಸುಮಾರು ನೂರು ವರ್ಷ ಬಿಟ್ಟು ಕೆಲಸಕ್ಕೆ ಬಂತು.

ಬರ್ಲಿನರ್ ಮಾತ್ರ ಅಲ್ಲಿ ನಿಲ್ಲಲಿಲ್ಲ. ಬೆಳಕಿನ ದಾರಿ ಸುತ್ತುಬಳಸು ಅನ್ನಿಸಿತು. ಸತುವಿನ ತಟ್ಟೆಗೆ ಜೇನುಮೇಣದ ತೆಳು ಪೊರೆ ಕಟ್ಟಿಸಿದ. ಸೂಜಿ ಓಲಾಡಿದ ಕಡೆ ಆ ಪೊರೆ ಕಿತ್ತು ಬರುತ್ತೆ. ತಟ್ಟೆಯನ್ನು ಕ್ರೋಮಿಕ್ ಆಮ್ಲದಲ್ಲಿ ಮುಳುಗಿಸಿದರೆ ಬರಿದಾದ ಗೆರೆಯನ್ನಷ್ಟೇ ಆಮ್ಲ ತಿನ್ನುತ್ತೆ, ಗೀರು ಆಳವಾಗುತ್ತೆ. ನೋಡಿ, ಮೇಣವನ್ನು ಕೊರೆಯಲಿಲ್ಲ, ಕೆರೆದ ಅಷ್ಟೆ, ಕೊರೆದಿದ್ದು ಆಮ್ಲ. ಪೇಟೆಂಟ್ ಬೇಲಿ ಹಾಗೇ ಉಳಿಯಿತು, ಇವನು ಆಚೆ ದಾಟಿದ್ದ. 1888ರ ಮೇ 16ರಂದು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ಇದನ್ನು ಎಲ್ಲರ ಮುಂದೆ ನುಡಿಸಿ ತೋರಿಸಿದ. ಮುಂದೊಂದು ದಿನ ಗಾಯಕರು ತಮ್ಮ ತಟ್ಟೆಗಳ ಮಾರಾಟದಿಂದ ರಾಯಲ್ಟಿ ಪಡೆಯಬಹುದು ಅಂತ ಆವತ್ತೇ ಭಾಷಣದಲ್ಲಿ ಹೇಳಿದ್ದ.

ಆದರೆ ದನಿ? ಚೆನ್ನಾಗಿರಲಿಲ್ಲ. ಆಮ್ಲ ತಿಂದ ಗೀರಿನ ಗೋಡೆ ಸಣ್ಣ ಸಣ್ಣ ಹಲ್ಲುಗಳ ಹಾಗೆ ಒರಟಾಗಿರುತ್ತೆ. ಸೂಜಿ ಅದರ ಮೇಲೆ ಹಾಯುವಾಗ ಹಾಡಿನ ಜೊತೆ ಸರ್ರ್ ಅನ್ನುವ ಸದ್ದೂ ಬರುತ್ತೆ. ಮೇಣದ ಉರುಳೆಯಲ್ಲಿ ಕೊರೆತ ನಯ, ಹಾಗಾಗಿ ಸದ್ದು ಕಮ್ಮಿ. ಇನ್ನೊಂದು ತೊಂದರೆ ಜಾಮಿತಿಯದು. ಉರುಳೆ ಒಂದೇ ವೇಗದಲ್ಲಿ ತಿರುಗಿದರೆ ಸೂಜಿಯ ಕೆಳಗೆ ಗೀರು ಹರಿಯುವ ವೇಗವೂ ಶುರುವಿನಿಂದ ಕೊನೆವರೆಗೆ ಒಂದೇ. ತಟ್ಟೆ ಹಾಗಲ್ಲ. ಹೊರ ಅಂಚಿನಲ್ಲಿ ಸುತ್ತಳತೆ ದೊಡ್ಡದು, ನಡುವಿಗೆ ಬಂದಂತೆ ಚಿಕ್ಕದು. ಒಂದು ಸೆಕೆಂಡಿನ ಹಾಡಿಗೆ ಹೊರಗೆ ಧಾರಾಳ ಜಾಗ, ಒಳಗೆ ಇಕ್ಕಟ್ಟು.

ಈ ಇಕ್ಕಟ್ಟು ಎಲ್‌ಪಿಗೆ ಈಗಲೂ ಇದೆ, ಲೆಕ್ಕ ಹಾಕಿ ನೋಡಿ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು. ಹೊರಗೀರಿನ ತ್ರಿಜ್ಯ ಸುಮಾರು 146 ಮಿಲಿಮೀಟರ್, ಅಲ್ಲಿ ವೇಗ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್. ಒಳಗೆ ತ್ರಿಜ್ಯ 60ಕ್ಕೆ ಇಳಿದಾಗ ವೇಗ 21 ಸೆಂಟಿಮೀಟರ್. 10 ಕಿಲೋಹರ್ಟ್ಸ್ ಸ್ವರದ ಒಂದು ಅಲೆಗೆ ಹೊರಗೆ 51 ಮೈಕ್ರಾನ್ ಜಾಗ ಸಿಕ್ಕರೆ ಒಳಗೆ ಬರೀ 21. ಸಾಮಾನ್ಯ ದುಂಡು ಸೂಜಿಯ ತುದಿಯ ತ್ರಿಜ್ಯವೇ 18 ಮೈಕ್ರಾನ್ ಆಸುಪಾಸು. ಅಷ್ಟು ದಪ್ಪ ತುದಿ ಅಷ್ಟು ಚಿಕ್ಕ ತಿರುವಿನಲ್ಲಿ ಹೇಗೆ ಹೊಕ್ಕೀತು? ಅದಕ್ಕೇ ಎಲ್‌ಪಿಯ ಪ್ರತಿ ಮಗ್ಗುಲಿನ ಕೊನೆಯ ಹಾಡಿನಲ್ಲಿ ಸಕಾರ, ತಾಳ, ಝಲ್ಲರಿ ಎಲ್ಲ ಒಂದಿಷ್ಟು ಕಲಸಿದ ಹಾಗೆ ಕೇಳೋದು. ಸಿಡಿ ಈ ವಿಷಯದಲ್ಲಿ ತಾತನ ಮಾತು ಕೇಳದೆ ಎಡಿಸನ್‌ನ ಉರುಳೆಯ ಕಡೆ ವಾಲಿತು. ಅದರ ಮೋಟಾರು ಒಳಗಿನಿಂದ ಹೊರಗೆ ಹೋಗುತ್ತ ನಿಮಿಷಕ್ಕೆ ಸುಮಾರು 500 ಸುತ್ತಿನಿಂದ 200ಕ್ಕೆ ಇಳಿಯುತ್ತೆ, ಓದುವ ವೇಗ ಮಾತ್ರ ಸೆಕೆಂಡಿಗೆ 1.2 ಮೀಟರಿನ ಆಚೀಚೆ ಒಂದೇ ಸಮ.

ಹಾಗಾದರೆ ಬರ್ಲಿನರ್‌ನ ತಟ್ಟೆಯಲ್ಲಿ ಇದ್ದ ಲಾಭವಾದರೂ ಏನು? ಎರಡು. ಅಡ್ಡ ಓಲಾಟದ ಗೀರಿನ ಆಳ ಎಲ್ಲ ಕಡೆ ಒಂದೇ, ಹಾಗಾಗಿ ಗೀರೇ ಸೂಜಿಯನ್ನು ಹಿಡಿದು ಒಳಕ್ಕೆ ನಡೆಸಿಕೊಂಡು ಹೋಗುತ್ತೆ. ಫೋನೋಗ್ರಾಫಿನಲ್ಲಿ ಸೂಜಿಯನ್ನು ಸರಿಸೋಕೆ ಬೇರೆ ತಿರುಪು ಬೇಕಿತ್ತು, ಇಲ್ಲಿ ಬೇಡ. ಯಂತ್ರ ಸರಳ, ಅಗ್ಗ.

ಎರಡನೆಯದೇ ದೊಡ್ಡದು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡೋದು ನೋಡಿದ್ದೀರಲ್ಲ? ಅಚ್ಚು ಒಂದೇ, ಪಾಕ ಹೊಯ್ದಷ್ಟು ಸಲ ಆನೆ, ಕುದುರೆ, ಗೋಪುರ ಬರ್ತಾನೇ ಇರುತ್ತೆ. ಬರ್ಲಿನರ್ ಸತುವಿನ ತಟ್ಟೆಯ ಮೇಲೆ ವಿದ್ಯುತ್ತಿನಿಂದ ತಾಮ್ರ ಕೂರಿಸಿ ಬಿಡಿಸಿಕೊಂಡ. ಗೀರಿದ್ದ ಕಡೆ ಏಣು ಎದ್ದ ಅಚ್ಚು ಸಿಕ್ಕಿತು. ಬಿಸಿ ಮಾಡಿದ ಗಟ್ಟಿ ರಬ್ಬರಿನ ಮೇಲೆ ಅದನ್ನು ಒತ್ತಿದರೆ ಮತ್ತೆ ಗೀರು. ಒಂದು ಹಾಡು, ಸಾವಿರ ತಟ್ಟೆ. ಉರುಳೆಯವರ ಪಾಡು ಬೇರೆ. ಉರುಳೆಗೆ ಒಳ್ಳೆಯ ಅಚ್ಚು ಬಂದದ್ದು 1902ರ ಹೊತ್ತಿಗೆ. ಅಲ್ಲಿವರೆಗೆ ಗಾಯಕ ಸಾಲಾಗಿಟ್ಟ ಕೆಲವು ಯಂತ್ರಗಳ ಮುಂದೆ ನಿಂತು ಅದೇ ಹಾಡನ್ನು ದಿನವಿಡೀ ಮತ್ತೆ ಮತ್ತೆ ಹಾಡಬೇಕಿತ್ತು. ಸಂಜೆಯ ಉರುಳೆ ಕೊಂಡವನಿಗೆ ಸುಸ್ತಾದ ಗಂಟಲೇ ಗತಿ. ಹಾಗಾಗಿ ದನಿಯ ಗುಣದ ಪ್ರಶ್ನೆ ಕೂಡ ಅಷ್ಟು ಸರಳ ಅಲ್ಲ. ಒಂದು ಉರುಳೆ ಒಂದು ತಟ್ಟೆಗಿಂತ ಚೆನ್ನಾಗಿ ಕೇಳಿಸುತ್ತಿತ್ತು, ಸರಿ. ಆದರೆ ಸಾವಿರಾರು ಮನೆಗೆ ಒಂದೇ ಗುಣದ ಹಾಡು ಮುಟ್ಟಿಸಲು ಉರುಳೆಗೆ ಆಗುತ್ತಿರಲಿಲ್ಲ.

ಅವನ ತಟ್ಟೆ ಮೊದಲು ಮಾರುಕಟ್ಟೆಗೆ ಬಂದದ್ದು ಆಟಿಕೆಯಾಗಿ. ಜರ್ಮನಿಯ ಗೊಂಬೆ ತಯಾರಕರೊಬ್ಬರು 1889ರ ಸುಮಾರಿಗೆ ಕೈಯಲ್ಲಿ ತಿರುಗಿಸುವ ಪುಟ್ಟ ಗ್ರಾಮಫೋನ್ ಮಾರಿದರು. ತಟ್ಟೆಯ ಅಗಲ ಐದು ಇಂಚು, ಅಂದರೆ ಹನ್ನೆರಡೂವರೆ ಸೆಂಟಿಮೀಟರು. ಸಿಡಿಯ ಅಗಲ ಹನ್ನೆರಡು. ಇದು ಕಾಕತಾಳೀಯ ಇರಬಹುದು, ಆದರೂ ಹೇಳದೆ ಇರಲಾರೆವು. ಆಮೇಲೆ ವಾಷಿಂಗ್ಟನ್, ಫಿಲಡೆಲ್ಫಿಯಾಗಳಲ್ಲಿ ಕಂಪನಿ ಕಟ್ಟಿ ಏಳು ಇಂಚಿನ ತಟ್ಟೆ ಮಾರಿದ. ಒಂದು ತಟ್ಟೆಯಲ್ಲಿ ಎರಡು ನಿಮಿಷದ ಆಸುಪಾಸು ಹಾಡು. ಗಟ್ಟಿ ರಬ್ಬರು ಅಲ್ಲಲ್ಲಿ ಸರಿಯಾಗಿ ಕೂರದೆ ಕೈಕೊಡುತ್ತಿತ್ತು. 1895ರ ಹೊತ್ತಿಗೆ ಅದನ್ನು ಬಿಟ್ಟು, ಗುಂಡಿ ತಯಾರಿಸುವವರು ಬಳಸುತ್ತಿದ್ದ ಅರಗಿನ ಮಿಶ್ರಣಕ್ಕೆ ಬಂದ. ಅರಗು ಅಂದರೆ ಅದೇ, ದುರ್ಯೋಧನ ಅರಮನೆ ಕಟ್ಟಿಸಿದ್ದು, ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂರಿಸೋದು. ಜಗತ್ತಿನ ಅರಗಿನಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಮುಂದಿನ ಅರ್ಧ ಶತಮಾನ ಪ್ರಪಂಚದ ಹಾಡೆಲ್ಲ ಕೂತಿದ್ದು ಈ ಕೀಟದ ಅಂಟಿನ ಮೇಲೆ.

ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ ಕೈ ಸೋತಂತೆ ಶ್ರುತಿಯೂ ಇಳಿಯುತ್ತೆ. ಸ್ಪ್ರಿಂಗ್ ಮೋಟಾರು ಬೇಕಾಯಿತು. ಕ್ಯಾಮ್ಡೆನ್ ಊರಿನ ಮೆಕ್ಯಾನಿಕ್ ಎಲ್ಡ್ರಿಜ್ ಜಾನ್ಸನ್ ಅದನ್ನು ಒದಗಿಸಿದ. ಮೊದಲ ಸಲ ಆ ಯಂತ್ರ ಕೇಳಿದಾಗ ಜಾನ್ಸನ್‌ಗೆ ಅದು ಅರೆಬರೆ ಮಾತು ಕಲಿತು ಗಂಟಲು ಕೆಟ್ಟು ನೆಗಡಿ ಹಿಡಿದ ಗಿಳಿಯ ದನಿಯಂತೆ ಕೇಳಿಸಿತಂತೆ. ಆದರೂ ಆ ಯಂತ್ರದ ಮೋಹ ಅವನನ್ನು ಬಿಡಲಿಲ್ಲ. ಆಮ್ಲದ ದಾರಿ ಬಿಟ್ಟು ಮೇಣದಲ್ಲಿ ಕೊರೆಯುವ ದಾರಿಯನ್ನು ತಟ್ಟೆಗೂ ತಂದ. ಅಲ್ಲಿಂದ ತಟ್ಟೆಯ ದನಿ ನಿಜಕ್ಕೂ ಮೇಲೆದ್ದಿತು. ಅಂದರೆ, ತಟ್ಟೆ ಗೆದ್ದ ಮೇಲೆ ಅದರ ದನಿ ಸುಧಾರಿಸಿತೇ ಹೊರತು ದನಿ ಚೆನ್ನಾಗಿದೆ ಅಂತ ಗೆದ್ದದ್ದಲ್ಲ.

ಗೆಲುವಿನ ಫಲ ಬರ್ಲಿನರ್‌ಗೆ ಸುಲಭವಾಗಿ ದಕ್ಕಲಿಲ್ಲ. ಅವನ ತಟ್ಟೆಗಳ ಮಾರಾಟದ ಗುತ್ತಿಗೆ ಹಿಡಿದಿದ್ದ ಫ್ರಾಂಕ್ ಸೀಮನ್ ಎಂಬಾತ ತಿರುಗಿಬಿದ್ದು ಬೇರೆ ಯಂತ್ರ ಮಾರತೊಡಗಿದ, ಎದುರಾಳಿಗಳ ಜೊತೆ ಕೈ ಕುಲುಕಿದ, ಕೋರ್ಟಿಗೂ ಹೋದ. 1900ರಲ್ಲಿ ಬಂದ ತಡೆಯಾಜ್ಞೆ ಎಂಥದ್ದು ಅಂದರೆ, ಗ್ರಾಮಫೋನ್ ಕಂಡುಹಿಡಿದವನೇ ಅಮೆರಿಕದಲ್ಲಿ ಗ್ರಾಮಫೋನ್ ಮಾರುವಂತಿಲ್ಲ! ಬರ್ಲಿನರ್ ಅಮೆರಿಕದ ವ್ಯವಹಾರವನ್ನು ಜಾನ್ಸನ್‌ಗೆ ಬಿಟ್ಟು ಕೆನಡಾದ ಮಾಂಟ್ರಿಯಲ್‌ನಲ್ಲಿ ಕಂಪನಿ ನಡೆಸಿದ. ಜಾನ್ಸನ್ 1901ರಲ್ಲಿ ವಿಕ್ಟರ್ ಕಂಪನಿ ಕಟ್ಟಿದ. ಅಷ್ಟರಲ್ಲಿ ಲಂಡನ್ನಿನಲ್ಲಿ ಗ್ರಾಮಫೋನ್ ಕಂಪನಿ ಎದ್ದಿತ್ತು. 1898ರಲ್ಲಿ ಹ್ಯಾನೋವರ್‌ನಲ್ಲಿ, ಯೋಸೆಫ್‌ನ ಉಸ್ತುವಾರಿಯಲ್ಲಿ, ಡಾಯ್ಚ ಗ್ರಾಮಫೋನ್ ಹುಟ್ಟಿತ್ತು. ಕೊಳವೆಯ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ಗೊತ್ತಲ್ಲ, ನಮ್ಮ ಅಜ್ಜಿಯರು ನಾಯಿ ಪ್ಲೇಟು ಅನ್ನುತ್ತಿದ್ದರಲ್ಲ? ಆ ಚಿತ್ರವನ್ನು ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದ್ದೂ ಬರ್ಲಿನರ್ರೇ, 1900ರಲ್ಲಿ.

ವಾಷಿಂಗ್ಟನ್‌ನಲ್ಲಿ ಹುಡುಗನಾಗಿದ್ದಾಗ ಬರ್ಲಿನರ್ ಕೈಕೆಳಗೆ ಪಿಯಾನೋ ನುಡಿಸುತ್ತ, ಧ್ವನಿಮುದ್ರಣ ಕಲಿತ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಲಂಡನ್ ಕಂಪನಿಯ ಪರವಾಗಿ ಕಲ್ಕತ್ತಕ್ಕೆ ಬಂದ. ಆ ನವೆಂಬರಿನಲ್ಲಿ ಗೌಹರ್ ಜಾನ್ ಅವರು ಹಾಡಿದರು. ತಾಸುಗಟ್ಟಲೆ ಬೆಳೆಯುವ ಖಯಾಲನ್ನು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಮುದ್ರಿಸಿದ ಮೇಣ ಹಡಗಿನಲ್ಲಿ ಹ್ಯಾನೋವರ್‌ಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಹಾಡಿದವರು ಯಾರು ಅಂತ ಅಲ್ಲಿನವರಿಗೆ ತಿಳಿಯಬೇಕಲ್ಲ. ಹೀಗೆ ಬರ್ಲಿನರ್ ಹುಟ್ಟೂರಿನ ಕಾರ್ಖಾನೆಯಿಂದ ನಮ್ಮ ದೇಶದ ಸಂಗೀತ ತಟ್ಟೆಯಾಗಿ ವಾಪಸು ಬಂತು. ಗೌಹರ್ ಜಾನ್ ಅವರ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನ ಗಾಯಕಿಯಾಗಿ ಕರೆಸಿಕೊಂಡರು. 1930ರ ಜನವರಿ 17ರಂದು ಅವರು ತೀರಿಕೊಂಡದ್ದೂ ಮೈಸೂರಿನಲ್ಲೇ.

ಬರ್ಲಿನರ್‌ನ ಉಳಿದ ಜೀವನ ಗ್ರಾಮಫೋನಿನಿಂದ ದೂರ ಸರಿಯಿತು. ಮಗಳು ಎಳವೆಯಲ್ಲಿ ಹೊಟ್ಟೆಯ ಕಾಯಿಲೆಯಿಂದ ಸಾಯುವ ಹಾಗಾದಳು. ಅದರ ಬೆನ್ನುಹತ್ತಿ ಹೋದವನಿಗೆ ಕಂಡದ್ದು ಕೊಳಕು ಹಸಿಹಾಲು. ವಾಷಿಂಗ್ಟನ್‌ನಲ್ಲಿ ಎಷ್ಟೋ ಕೂಸುಗಳು ಅದರಿಂದಲೇ ಸಾಯುತ್ತಿದ್ದವು. ಹಾಲು ಕಾಯಿಸಿ ಕೊಡಿ ಅಂತ ಪತ್ರಿಕೆಗಳಲ್ಲಿ ತಾಯಂದಿರಿಗೆ ಸಲಹೆ ಹಾಕಿಸಿದ, ಪಾಶ್ಚರೀಕರಣದ ಪರ ವರ್ಷಗಟ್ಟಲೆ ಓಡಾಡಿದ, ಶುಚಿತ್ವದ ಬಗ್ಗೆ ಮಕ್ಕಳಿಗೆ ಪದ್ಯ ಕೂಡ ಬರೆದ. ಹಾಲು ಕಾಯಿಸದೆ ಕುಡಿಯೋರು ಇದ್ದಾರಾ ಅಂತ ನಮ್ಮ ಮನೆಗಳಲ್ಲಿ ಕೇಳಿಯಾರು. ಅಲ್ಲಿ ಅದಕ್ಕೊಂದು ಚಳವಳಿಯೇ ಬೇಕಾಯಿತು. ಅಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ಸಂಶೋಧನೆಗೆ ಫೆಲೋಶಿಪ್ ಇಟ್ಟ. ಮಗ ಹೆನ್ರಿ ಜೊತೆ ಹೆಲಿಕಾಪ್ಟರ್ ಕಟ್ಟಲು ಹೊರಟ. 1922ರಲ್ಲಿ ಹೆನ್ರಿ ಅದನ್ನು ನೆಲದಿಂದ ಒಂದಿಷ್ಟು ಎಬ್ಬಿಸಿ ತೋರಿಸಿದ. ಎಪ್ಪತ್ತು ದಾಟಿದ ಮೇಲೆ ಸಭಾಂಗಣಗಳ ಪ್ರತಿಧ್ವನಿ ಕಡಿಮೆ ಮಾಡುವ ಗೋಡೆಬಿಲ್ಲೆ ಮಾಡಿದ. 1929ರ ಆಗಸ್ಟ್ 3ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡ. ಗೌಹರ್ ಜಾನ್ ಅವರಿಗಿಂತ ಐದೂವರೆ ತಿಂಗಳು ಮೊದಲು.

ಮೊಮ್ಮಕ್ಕಳು ಹುಟ್ಟಿದ್ದು ಅವನ ಕಾಲದ ನಂತರ. 1948ರಲ್ಲಿ ಕೊಲಂಬಿಯಾ ಕಂಪನಿ ವಿನೈಲ್ ಎಲ್‌ಪಿ ತಂದಿತು. ಅರಗಿನಲ್ಲಿ ಬೆರೆಸುತ್ತಿದ್ದ ಕಲ್ಲುಪುಡಿ ಇಲ್ಲದ್ದರಿಂದ ಸರ್ರ್ ಸದ್ದು ಬಹಳ ಇಳಿಯಿತು. 1957–58ರಲ್ಲಿ ಸ್ಟೀರಿಯೋ ತಟ್ಟೆ ಬಂತು. ಅದರಲ್ಲಿ ಎರಡೂ ಚಾನೆಲ್‌ಗೆ ಸಮಾನವಾದದ್ದು ಅಡ್ಡ ಓಲಾಟದಲ್ಲಿ, ಎರಡರ ವ್ಯತ್ಯಾಸ ಮೇಲೆ ಕೆಳಗಿನ ಕುಣಿತದಲ್ಲಿ ಕೂರುತ್ತೆ. ಬರ್ಲಿನರ್, ಎಡಿಸನ್ ಇಬ್ಬರೂ ಕೊನೆಗೆ ಒಂದೇ ಗೀರಿನಲ್ಲಿ ಸಂಸಾರ ಹೂಡಿದರು. 1982ರ ಆಗಸ್ಟ್ 17ರಂದು ಮಾರಾಟದ ಮೊದಲ ಸಿಡಿಗಳು ಅಚ್ಚಾದವು, ಅಬ್ಬಾ ತಂಡದ್ದು. ಅಚ್ಚಾದದ್ದು ಎಲ್ಲಿ ಅಂತೀರಿ? ಹ್ಯಾನೋವರ್‌ನ ಮಗ್ಗುಲ ಊರು ಲಾಂಗೆನ್‌ಹಾಗೆನ್‌ನಲ್ಲಿ, ಪಾಲಿಗ್ರಾಮ್ ಕಾರ್ಖಾನೆಯಲ್ಲಿ. ಬರ್ಲಿನರ್ ಸೋದರರ ಡಾಯ್ಚ ಗ್ರಾಮಫೋನ್ ಆ ಹೊತ್ತಿಗೆ ಪಾಲಿಗ್ರಾಮ್‌ನ ಒಡಲಲ್ಲಿ ಸೇರಿತ್ತು.

ಈಗ ಆ ಜಗಳಕ್ಕೆ ನಮ್ಮ ತೀರ್ಪು. ಅಳತೆಗೋಲು ಹಿಡಿದರೆ ಸಿಡಿಯೇ ಮುಂದೆ, ಅನುಮಾನ ಬೇಡ. 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತೆ. ಒಳ್ಳೆಯ ಎಲ್‌ಪಿ 70ರ ಆಸುಪಾಸು ಮುಟ್ಟಿದರೆ ದೊಡ್ಡದು. ಎಡ ಬಲ ಚಾನೆಲ್‌ಗಳ ಬೇರ್ಪಡೆ ಎಲ್‌ಪಿಯಲ್ಲಿ 25–30 ಡೆಸಿಬೆಲ್, ಸಿಡಿಯಲ್ಲಿ 90ರ ಹತ್ತಿರ. ಸಿಡಿಯ ಅಲೆ ಮೆಟ್ಟಿಲು ಮೆಟ್ಟಿಲಾಗಿರುತ್ತೆ ಅನ್ನೋದು ಸುಳ್ಳು. ಸೆಕೆಂಡಿಗೆ 44,100 ಸಲ ಅಳೆದರೆ 20 ಕಿಲೋಹರ್ಟ್ಸ್‌ವರೆಗಿನ ಅಲೆ ಫಿಲ್ಟರ್ ದಾಟಿ ನಯವಾಗೇ ಹೊರಬರುತ್ತೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಇದು ಗೊತ್ತು.

ಆದರೂ ಎಷ್ಟೋ ಆಲ್ಬಮ್‌ಗಳು ಎಲ್‌ಪಿಯಲ್ಲೇ ಚೆನ್ನಾಗಿ ಕೇಳುತ್ತವೆ. ಇದು ಕಿವಿಯ ಭ್ರಮೆ ಅಲ್ಲ. ಎರಡಕ್ಕೂ ಅಚ್ಚು ಬೇರೆ, ಅಚ್ಚಿಗೆ ಹಾಕಿದ ಪಾಕವೂ ಬೇರೆ. ಗೀರಿನಲ್ಲಿ ಮಂದ್ರ ಸ್ವರ ಜೋರಾದರೆ ಪಕ್ಕದ ಗೀರಿಗೇ ನುಗ್ಗುತ್ತೆ, ತಾರ ಸ್ವರ ಜೋರಾದರೆ ಸೂಜಿ ಹಾರುತ್ತೆ. ಹಾಗಾಗಿ ಎಲ್‌ಪಿ ಕೊರೆಯುವವನು ಹೆದರಿ ಹೆದರಿ, ನೋಡಿ ನೋಡಿ ಕೊರೆಯಬೇಕು. ಸಿಡಿಗೆ ಆ ಹೆದರಿಕೆ ಇಲ್ಲ. ತೊಂಬತ್ತರ ದಶಕದಿಂದೀಚೆಗೆ ಅಂಗಡಿಯಲ್ಲಿ ತಮ್ಮ ಹಾಡೇ ಜೋರಾಗಿ ಕೇಳಲಿ ಅಂತ ಕಂಪನಿಗಳು ಮೆಲುದನಿಯನ್ನೂ ಎತ್ತಿ ಎತ್ತಿ ಮೇಲಿನ ಮಿತಿಗೆ ಒತ್ತಿದವು. 96 ಡೆಸಿಬೆಲ್ ಜಾಗ ಇಟ್ಟುಕೊಂಡು ಮೇಲಿನ ಹತ್ತರಲ್ಲೇ ಹಾಡು ತುರುಕಿದರೆ ಒಣಒಣ ಅನ್ನಿಸದೆ ಇನ್ನೇನು? ಅದೇ ಆಲ್ಬಮ್ಮಿನ ಎಂಬತ್ತರ ದಶಕದ ಸಿಡಿ ಸಿಕ್ಕರೆ ಹಾಕಿ ಕೇಳಿ, ಬಹಳ ಸಲ ಅದು ಬೇರೆಯೇ ಇರುತ್ತೆ. ಅತ್ತ, ಈಗ ಬರುತ್ತಿರುವ ಹೊಸ ಎಲ್‌ಪಿಗಳಲ್ಲಿ ಬಹಳಷ್ಟು ಡಿಜಿಟಲ್ ಮೂಲದಿಂದಲೇ ಕೊರೆದವು. ಅನಲಾಗ್ ಅಂತ ಎರಡು ಸಾವಿರ ಕೊಟ್ಟವರು ಬೇಜಾರಾಗಬಾರದು.

ಹಳೆಯ ತಟ್ಟೆಯೋ ಸಿಡಿಯೋ ಕೊಳ್ಳುವಾಗ ಹೊದಿಕೆಯ ಚಿತ್ರಕ್ಕಿಂತ ನಡುಭಾಗ ನೋಡಿ. ಎಲ್‌ಪಿಯಲ್ಲಿ ಕೊನೆಯ ಗೀರಿಗೂ ಲೇಬಲ್ಲಿಗೂ ನಡುವಿನ ಖಾಲಿ ಉಂಗುರದಲ್ಲಿ, ಸಿಡಿಯಲ್ಲಿ ತೂತಿನ ಸುತ್ತ ಹೊಳೆಯುವ ಕಡೆ, ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತೆ. ಯಾವ ಮೂಲದಿಂದ, ಯಾವ ಅಚ್ಚಿನಿಂದ ಬಂತು ಅಂತ ಹೇಳೋದು ಅದು. ಬರ್ಲಿನರ್‌ನ ತಟ್ಟೆಗಳಿಗೆ ಕಾಗದದ ಲೇಬಲ್ಲೇ ಇರಲಿಲ್ಲ. ಹಾಡಿನ ಹೆಸರು, ಸಂಖ್ಯೆ ಎಲ್ಲ ನಡುವಿನಲ್ಲೇ ಕೆತ್ತಿರುತ್ತಿದ್ದವು.